ನೆಟ್ಟಗಾದ ಕೋವಿ

“ಕೇಳದೆ ಮಾಡಿದ ಉಪಕಾರ ಅಪಕಾರ ಆಗುವುದುಂಟೇ, ಗುರುಗಳೇ?”

ಪದ್ಮರಾಜ ಹೀಗೆ ಕೇಳಿದ್ದು ಸಂಜೆ ಐದರ ಹೊತ್ತಿಗೆ. ಬೊಮ್ಮಯ್ಯ ಮೇಷ್ಟ್ರು ಆಗ ಗುರಿಹಲಗೆಯ ಮೇಲಿನ ತೂತುಬಿದ್ದ ಕಾಗದಗಳನ್ನು ಒಂದೊಂದಾಗಿ ಕಿತ್ತು ಮಡಿಸಿಡುತ್ತಿದ್ದರು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಬಂದೂಕು ಹಿಡಿದು ಬಂದವರು ಅವರು. ಊರಿನ ಹಳೆಯ ಕಡಲೆಕಾಯಿ ಗೋದಾಮನ್ನು ಗುಡಿಸಿ, ಸುಣ್ಣ ಹೊಡೆಸಿ, ಕಾಲೇಜಿನಲ್ಲಿ ಓದುವ ಐದು ಮಂದಿಗೆ ಅಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ನಾಡಿದ್ದು ಜಿಲ್ಲೆಯ ಪಂದ್ಯ. ಐವರಿಗೂ ಅದೇ ಮೊದಲ ಪಂದ್ಯ.

ಪ್ರಶ್ನೆ ಯಾವುದೋ ಪುಸ್ತಕದಲ್ಲಿ ಓದಿದ್ದೆಂಬಂತೆ ಕೇಳಿಸಲಿ ಎಂದು ಪದ್ಮರಾಜ ಧ್ವನಿಯನ್ನು ಹಗುರವಾಗಿ ಇಟ್ಟುಕೊಂಡಿದ್ದ. ಪುಸ್ತಕಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನಿನ್ನೆ ಸಂಜೆ ರೈಫಲ್‌ಗಳನ್ನು ಒರೆಸಿಡುವ ಸರದಿ ಅವನದಾಗಿತ್ತು. ಗೆಳೆಯ ತಿಪ್ಪೇಶನ ರೈಫಲ್ ಎತ್ತಿಕೊಂಡಾಗ, ಕಣ್ಣಿಟ್ಟು ನೋಡುವ ಹಿಂದಿನ ಕಿಂಡಿ ಕೂದಲೆಳೆಯಷ್ಟು ಬಲಕ್ಕೆ ಸರಿದಿರುವುದು ಕಂಡಿತು. ಇಂಥ ಸೊಟ್ಟ ಕಿಂಡಿಯಲ್ಲೇ ಇವನು ಐವರಲ್ಲಿ ಮೊದಲಿಗ. ಕಿಂಡಿ ಸರಿಯಿದ್ದರೆ ಜಿಲ್ಲೆಗೇ ಮೊದಲಿಗನಾದಾನು ಎಂದುಕೊಂಡು ಪದ್ಮರಾಜ ತಿರುಪನ್ನು ಅರ್ಧ ಸುತ್ತು ತಿರುಗಿಸಿ ಸರಿಮಾಡಿಟ್ಟ. ಯಾರಿಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳಿ ತಿಪ್ಪೇಶನ ಮನೆಯಲ್ಲಿ ಹೋಳಿಗೆ ಊಟ ಹಾಕಿಸಿಕೊಳ್ಳುವ ಆಸೆ. ಇವತ್ತು ಬೆಳಿಗ್ಗೆ ತಿಪ್ಪೇಶ ಹೊಡೆದ ಹತ್ತು ಗುಂಡುಗಳಲ್ಲಿ ಒಂದೂ ಕಪ್ಪು ಬೊಟ್ಟಿನ ನಡುವೆ ಬೀಳಲಿಲ್ಲ. ಹತ್ತೂ ಎಡಕ್ಕೆ ಹೋದವು. ಅವನು ಕಾಗದವನ್ನು ಬಹಳ ಹೊತ್ತು ನೋಡಿ, ಕಣ್ಣು ಉಜ್ಜಿಕೊಳ್ಳುತ್ತ ಸೈಕಲ್ ಹತ್ತಿ ಹೋದ.

ಬೊಮ್ಮಯ್ಯ ಮೇಷ್ಟ್ರು ಕಾಗದಗಳ ಕಟ್ಟಿಗೆ ದಾರ ಸುತ್ತಿದರು. ಬೆಂಚಿನ ಮೇಲೆ ಕೂತು ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

“ಕೂತುಕೋ. ಒಬ್ಬ ಕಮ್ಮಾರನ ಕತೆ ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಮಣ್ಣಿನ ಕೋಟೆಯೊಳಗೆ ಒಂದು ಸಣ್ಣ ಊರು. ಅದಕ್ಕೊಬ್ಬ ಪಾಳೆಯಗಾರ. ಆ ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ನೇಗಿಲಿನ ಕುಳ ಬಡಿಯುವುದು, ಕುದುರೆಗೆ ಲಾಳ ಕಟ್ಟುವುದು, ಕೆಟ್ಟ ಕೋವಿಗಳನ್ನು ದುರಸ್ತಿ ಮಾಡುವುದು ಅವನ ಕೆಲಸ. ಒಳ್ಳೆಯ ಮನುಷ್ಯ. ಕಬ್ಬಿಣದಲ್ಲಿ ಎಲ್ಲಾದರೂ ಒಂದು ಡೊಂಕು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಯಾರದಾದರೂ ಮನೆಗೆ ಹೋದರೆ ಅದೂ ಇದೂ ಮಾತಾಡುತ್ತಲೇ ಅವರ ಬಾಗಿಲಿನ ಚಿಲಕ ಸರಿಮಾಡಿ ಬರುತ್ತಿದ್ದ. ಮಾಡು ಎಂದು ಯಾರೂ ಕೇಳಿರುತ್ತಿರಲಿಲ್ಲ. ಹೆಂಡತಿ ಬದುಕಿದ್ದಾಗ, “ನಿಮ್ಮನ್ನು ಮದುವೆಮನೆಗೆ ಕರೆದುಕೊಂಡು ಹೋಗುವುದಕ್ಕೇ ನನಗೆ ಭಯ. ಬಡಿಸುವವರ ಕೈಯ ಸೌಟನ್ನೂ ಕಿತ್ತುಕೊಂಡು ಬಡಿಯುತ್ತೀರಿ,” ಎನ್ನುತ್ತಿದ್ದಳು. ಅವಳು ಹೋದ ಮೇಲೆ ಅವನಿಗೆ ಉಳಿದದ್ದು ಒಬ್ಬಳೇ ಮಗಳು.

ಮಗಳ ಗಂಡ ಊರಾಚೆಯ ಹೊಲಗಳನ್ನು ಕಾಯುವವನು. ಹಂದಿ ಹೊಡೆಯುವುದರಲ್ಲಿ ಸುತ್ತ ಅವನ ಸಮ ಯಾರೂ ಇರಲಿಲ್ಲ. ಅವನ ಕೋವಿ ಅವನ ಅಪ್ಪನದು. ಹನ್ನೆರಡನೆಯ ವಯಸ್ಸಿನಿಂದ ಅದೊಂದನ್ನೇ ಹಿಡಿದವನು. ಮದುವೆಯ ಮಾತುಕತೆಗೆ ಬಂದ ದಿನ ಅವನು ಆ ಕೋವಿಯನ್ನು ಗೋಡೆಗೆ ಒರಗಿಸಿದ; ಕಮ್ಮಾರ ವರನ ಮುಖಕ್ಕಿಂತ ಮೊದಲು ಕೋವಿಯನ್ನು ನೋಡಿದ. ನಳಿಗೆ ಬಲಕ್ಕೆ ಬಾಗಿತ್ತು. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಕಮ್ಮಾರನ ಕಣ್ಣಿಗೆ ಕಂಡಿತು. ಆವತ್ತಿನಿಂದ ಅದು ಅವನ ಕಾಲಿಗೆ ಹೊಕ್ಕ ಮುಳ್ಳಾಯಿತು.

“ಅಳಿಯಂದಿರೇ, ನಿಮ್ಮ ಕೋವಿಯ ನಳಿಗೆ ಬಲಕ್ಕೆ ಬಾಗಿದೆ. ಒಂದು ದಿನ ನನ್ನ ಕೈಗೆ ಕೊಡಿ,” ಎಂದು ಒಮ್ಮೆ ಕೇಳಿದ.

ಅಳಿಯ ನಕ್ಕ. “ನಿಮ್ಮ ಮಗಳೂ ಹಾಗೇ, ಮಾವ. ಬಲಕ್ಕೆ ಬಾ ಎಂದರೆ ಎಡಕ್ಕೆ ಹೋಗುತ್ತಾಳೆ. ಇಬ್ಬರ ಜೊತೆಗೂ ಹೊಂದಿಕೊಂಡು ಹೋಗುತ್ತಿದ್ದೇನೆ. ಈಗ ನೀವು ನಡುವೆ ಬಂದು ತಿದ್ದಬೇಡಿ.”

ಒಳಗಿನಿಂದ ಮಗಳ ದನಿ ಬಂತು. “ತಿದ್ದುವುದಾದರೆ ಮೊದಲು ಅವರ ಮೀಸೆ ತಿದ್ದಿ, ಅಪ್ಪಾ. ಅದೂ ಒಂದು ಕಡೆಗೇ ಬಾಗಿದೆ.”

ಮೂವರೂ ನಕ್ಕರು. ಅಳಿಯ ಆಡಿದ ಮಾತಿನಲ್ಲಿ ಹೇಳಬೇಕಾದದ್ದೆಲ್ಲ ಇತ್ತು. ಕಮ್ಮಾರ ನಗುವುದರಲ್ಲಿದ್ದ, ಅದು ಅವನ ಕಿವಿಗೆ ಬೀಳಲಿಲ್ಲ.

ಒಂದು ವರ್ಷ ಕಳೆಯಿತು. ಮೇಲಿನ ದೊರೆಗೂ ಇನ್ನೊಬ್ಬ ದೊರೆಗೂ ಯುದ್ಧ ಹತ್ತಿತು. ಇಪ್ಪತ್ತು ಕೋವಿಗಳನ್ನು, ಹಿಡಿಯುವ ಕೈಗಳ ಸಮೇತ, ಕಳಿಸಿಕೊಡತಕ್ಕದ್ದು ಎಂದು ಪಾಳೆಯಗಾರನಿಗೆ ಓಲೆ ಬಂತು. ಊರಿನಲ್ಲಿ ಕೋವಿ ಹಿಡಿಯುವವರು ಇದ್ದದ್ದೇ ಇಪ್ಪತ್ತೊಂದು ಮಂದಿ. ಏಳು ವರ್ಷದ ಹಿಂದೆ ಹೀಗೇ ಹದಿನೈದು ಮಂದಿ ಹೋಗಿದ್ದರು. ತಿರುಗಿ ಬಂದವನು ಒಬ್ಬ. ಅವನಿಗೆ ಬಲಗೈ ಇರಲಿಲ್ಲ. ಕೋಟೆಯ ಬಾಗಿಲಲ್ಲಿ ಕೂತು ನೊಣ ಓಡಿಸಿಕೊಳ್ಳುತ್ತಿದ್ದ. ಅವನನ್ನು ನೋಡಿದವರಿಗೆ ಯುದ್ಧದ ಬಗ್ಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಪಾಳೆಯಗಾರ ಯೋಚಿಸಿದ. ಇಪ್ಪತ್ತು ಹೋದರೆ ಒಂದು ಉಳಿಯುತ್ತದೆ. ಆ ಒಬ್ಬ ಕೋಟೆಯ ಬಾಗಿಲು ಕಾಯಬೇಕು. “ಇರುವವರಲ್ಲಿ ಒಳ್ಳೆಯ ಗುರಿಕಾರನನ್ನು ನಾನು ಇಟ್ಟುಕೊಳ್ಳುತ್ತೇನೆ. ಉಳಿದವರನ್ನು ದೊರೆ ತಿನ್ನಲಿ,” ಎಂದ. ಒಂಬತ್ತನೆಯ ದಿನ ಗುರಿಯ ಪಂದ್ಯ ಎಂದು ಡಂಗುರ ಹೊಡೆಸಿದ. ಅರವತ್ತು ಹೆಜ್ಜೆ ದೂರದಲ್ಲಿ ಒಂದು ಗಡಿಗೆ. ಅದರ ಹಿಂದೆ ಮಣ್ಣಿನ ಗೋಡೆ. ಒಬ್ಬೊಬ್ಬರಿಗೆ ಮೂರು ಗುಂಡು.

ಕಮ್ಮಾರನ ಮಗಳಿಗೆ ಆಗ ಏಳು ತಿಂಗಳು.

ಅಳಿಯ ಹಂದಿ ಹೊಡೆದವನೇ ಹೊರತು ಪಂದ್ಯದಲ್ಲಿ ನಿಂತವನಲ್ಲ. ಕುಲುಮೆಯ ಕಟ್ಟೆಯ ಮೇಲೆ ಕೂತಿದ್ದ ಇನ್ನೊಬ್ಬ ಕೋವಿಯವನು ಅವನನ್ನು ಕೆಣಕಿದ. “ಹಂದಿ ಎಮ್ಮೆಗರುವಿನಷ್ಟು ಇರುತ್ತದೆ. ಎಲ್ಲಿ ತಗುಲಿದರೂ ತಗುಲಿತು. ಇದು ಗಡಿಗೆ, ಸ್ವಾಮಿ.”

“ಹಂದಿ ತಿರುಗಿ ಮೈಮೇಲೆ ಬರುತ್ತದೆ. ಗಡಿಗೆ ಬರುವುದಿಲ್ಲ. ನನಗೆ ಅದೊಂದೇ ಹೊಸದು,” ಎಂದು ಅಳಿಯ ಎದ್ದು ಹೋದ. ಮಾತು ಅಷ್ಟು ಗಟ್ಟಿಯಾಗಿ ಬಂದರೂ ಅವನು ಒಳಗೆ ಬೆದರಿದ್ದಾನೆಂದು ಕಮ್ಮಾರನಿಗೆ ತಿಳಿಯಿತು. ಎದ್ದುಹೋಗುವಾಗ ಅವನು ತನ್ನ ಮೆಟ್ಟು ಮರೆತಿದ್ದ.

ಅಭ್ಯಾಸಕ್ಕೆ ಮದ್ದು ಸಿಗುವ ಹಾಗಿರಲಿಲ್ಲ. ಊರಿನ ಮದ್ದೆಲ್ಲ ಉಗ್ರಾಣ ಸೇರಿ ಬೀಗ ಬಿದ್ದಿತ್ತು. ಅಳಿಯ ಬರಿಯ ಕೋವಿ ಹಿಡಿದು ಹಿತ್ತಿಲಲ್ಲಿ ನಿಂತ. ನಳಿಗೆಯ ತುದಿಯ ಮೇಲೆ ಒಂದು ಹುಣಿಸೆಬೀಜ ಇಟ್ಟುಕೊಂಡು, ಅದು ಬೀಳದ ಹಾಗೆ ಬೆರಳಿನಿಂದ ಕೋವಿಯ ಕುದುರೆ ಎಳೆಯುವುದನ್ನು ರೂಢಿ ಮಾಡಿದ. ಮೊದಲ ದಿನ ಬೀಜ ಬಿದ್ದು ಬಿದ್ದು ಕೋಳಿಗಳು ಸುತ್ತ ನೆರೆದವು. ಮೂರನೆಯ ದಿನ ಬೀಜ ನಿಂತಿತು. ಜನರ ಗದ್ದಲಕ್ಕೆ ಕಿವಿ ಒಗ್ಗಲಿ ಎಂದು ಹೆಂಡತಿಯನ್ನು ಬೆನ್ನ ಹಿಂದೆ ನಿಲ್ಲಿಸಿ ಹಿತ್ತಾಳೆ ತಟ್ಟೆ ಬಡಿಯಲು ಹೇಳಿದ. ಅವಳು ಹೊಟ್ಟೆ ಹೊತ್ತು ನಿಂತು ತಟ್ಟೆ ಬಡಿದಳು. “ಏ ಹಂದಿ ಕಾಯುವವನೇ, ಗಡಿಗೆ ಎಲ್ಲಿ, ನಿನ್ನ ಕಣ್ಣೆಲ್ಲಿ,” ಎಂದು ಕೂಗಿದಳು. ಕೂಗುತ್ತ ಕೂಗುತ್ತ ಅವಳ ದನಿ ಒಡೆಯಿತು. ತಟ್ಟೆ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೀಜ ಬೀಳಲಿಲ್ಲ.

ಕಮ್ಮಾರ ಬೇಲಿಯ ಈಚೆಗೆ ನಿಂತು ಇದನ್ನೆಲ್ಲ ನೋಡಿದ. ಇಷ್ಟು ಒಳ್ಳೆಯ ಕೈಗೆ ಅಂಥ ಸೊಟ್ಟ ಕೋವಿಯೇ ಎಂದುಕೊಂಡ. ಕಬ್ಬಿಣ ಬಲ್ಲವನು ಅವನು. ಕಬ್ಬಿಣ ಹಿಡಿದ ಕೈ ಏನೇನು ಕಲಿತಿರುತ್ತದೆ ಎಂಬುದು ಅವನ ಕಸುಬಿನೊಳಗೆ ಬರುತ್ತಿರಲಿಲ್ಲ. ಅಳಿಯ ಹೊಲದಲ್ಲಿ ಹಂದಿ ಹೊಡೆಯುವುದನ್ನು ಅವನು ಒಮ್ಮೆಯೂ ಹೋಗಿ ನೋಡಿದವನಲ್ಲ. ಸೊಟ್ಟಗಿನದರಲ್ಲೇ ಇಷ್ಟು ಹೊಡೆಯುವವನು ನೆಟ್ಟಗಿನದರಲ್ಲಿ ಇನ್ನೆಷ್ಟು ಹೊಡೆಯಬೇಡ! ಈ ಒಂದು ಮಾತು ಅವನ ತಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಕೇಳಿದರೆ ಅಳಿಯ ಕೊಡುವುದಿಲ್ಲ. ಅಪ್ಪನ ಕೋವಿ.

ಆ ಊರಿನಲ್ಲೊಂದು ಪದ್ಧತಿಯಿತ್ತು. ಪಂದ್ಯವಿರಲಿ, ಯುದ್ಧವಿರಲಿ, ಹಿಂದಿನ ದಿನ ಕೋವಿಗಳೆಲ್ಲ ಕುಲುಮೆಗೆ ಬರಬೇಕು. ಅವು ತಾವು ಹುಟ್ಟಿದ ಬೆಂಕಿಯ ಹತ್ತಿರ ಒಂದು ಹಗಲು ಮಲಗಬೇಕು ಎಂದು ನಂಬಿಕೆ. ಕಮ್ಮಾರ ಅವುಗಳಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಬಾಗಿಲು ಹಾಕುತ್ತಾನೆ. ಅವನ ಹೊರತು ಇನ್ನು ಯಾರೂ ಒಳಗೆ ಬರುವಂತಿಲ್ಲ. ಆವತ್ತು ಊರಿನಲ್ಲಿ ಒಂದು ಗುಂಡೂ ಹಾರುವಂತಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಇಪ್ಪತ್ತೊಂದು ಕೋವಿಗಳು ಕುಲುಮೆಯಲ್ಲಿ ಸಾಲಾಗಿ ಮಲಗಿದವು. ಕಮ್ಮಾರ ಬಾಗಿಲು ಹಾಕಿ ಅಗುಳಿ ಸೇರಿಸಿದ. ಅವನ ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆಯೂ ಬಂತು. ಉಳಿದ ಇಪ್ಪತ್ತು ಕೋವಿಗಳನ್ನು ಒಂದೊಂದು ಏಟಿನಲ್ಲಿ ಡೊಂಕು ಮಾಡಬಹುದು. ಯಾರಿಗೂ ತಿಳಿಯುವುದಿಲ್ಲ. ಥೂ ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಅವನು ಅಂಥವನಲ್ಲ. ಒಳ್ಳೆಯದನ್ನು ಮಾತ್ರ ಮಾಡುವವನು. ಅಳಿಯನ ಕೋವಿಯನ್ನು ಎತ್ತಿಕೊಂಡ.

ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿದ. ಹಿಂದಿನ ಬಿರಡೆ ತಿರುಗಿಸಿ ತೆಗೆದ. ನಳಿಗೆಯೊಳಗೆ ರೇಷ್ಮೆ ದಾರ ತೂರಿಸಿ ಎರಡು ತುದಿಗೂ ಬಿಗಿದು ಕಟ್ಟಿದ. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಿಗೆ ಹಿಡಿದು ನೋಡಿದ. ನಡುವಿನಲ್ಲಿ ದಾರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಎಳೆ ಬೆಳಕು ಕಂಡಿತು. ಆ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಮರದ ದಿಮ್ಮಿಯ ಮೇಲೆ ಮಲಗಿಸಿ, ಮರದ ಕೊಡತಿಯಿಂದ ಒಂದು ಏಟು ಕೊಟ್ಟ. ನೋಡಿದ. ಇನ್ನೊಂದು ಏಟು. ಮತ್ತೆ ನೋಡಿದ. ಹೀಗೆ ಮಧ್ಯಾಹ್ನ ದಾಟಿತು. ಕೊನೆಗೆ ದಾರ ಈ ತುದಿಯಿಂದ ಆ ತುದಿಯವರೆಗೆ ಕಬ್ಬಿಣಕ್ಕೆ ಅಂಟಿಕೊಂಡು ಮಲಗಿತು. ಒಂದು ಎಳೆಯಷ್ಟೂ ಬೆಳಕಿಲ್ಲ. ಕಮ್ಮಾರನ ಕಣ್ಣು ತುಂಬಿ ಬಂತು. ತನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಒಂದು ಕೆಲಸ ಮಾಡಿರಲಿಲ್ಲ ಅವನು. ಮಗಳ ಬಾಳು ನೆಟ್ಟಗಾಯಿತು ಎಂದುಕೊಂಡ. ಕೋವಿಯನ್ನು ಜೋಡಿಸಿ, ಮೊದಲು ಎಲ್ಲೆಲ್ಲಿ ಕುಂಕುಮವಿತ್ತೋ ಅಲ್ಲಲ್ಲೇ ಮತ್ತೆ ಹಚ್ಚಿದ.

ಪಂದ್ಯದ ದಿನ ಊರಿಗೆ ಊರೇ ಬಯಲಿನಲ್ಲಿ ನಿಂತಿತ್ತು. ಗೋಡೆಯ ಪಕ್ಕದ ಗುಂಡಿಯಲ್ಲಿ ಒಬ್ಬ ಕೂತಿದ್ದ. ಗಡಿಗೆ ಒಡೆದರೆ ಬಿಳಿ ಬಟ್ಟೆ ಬೀಸುವುದು, ಒಡೆಯದಿದ್ದರೆ ಕರಿ ಬಟ್ಟೆ ಬೀಸುವುದು ಅವನ ಕೆಲಸ. ಗುಂಡು ಎಲ್ಲಿ ಬಿತ್ತೆಂದು ಅವನು ಹೇಳುವಂತಿಲ್ಲ. ಒಬ್ಬನ ಮೂರೂ ಗುಂಡು ಮುಗಿಯುವವರೆಗೆ ಯಾರೂ ಗೋಡೆಯ ಹತ್ತಿರ ಹೋಗುವಂತಿಲ್ಲ. ಅರವತ್ತು ಹೆಜ್ಜೆಯ ಈಚೆಯಿಂದ ಗೋಡೆಯ ತೂತು ಕಾಣುವುದೂ ಇಲ್ಲ.

ಕೆಣಕಿದ್ದವನು ಎರಡು ಗಡಿಗೆ ಒಡೆದ. ಉಳಿದವರಲ್ಲಿ ಕೆಲವರು ಒಂದು ಒಡೆದರು, ಕೆಲವರು ಒಂದೂ ಇಲ್ಲ. ಅಳಿಯನ ಸರದಿ ಬಂತು. ಅವನು ನಿಂತ ರೀತಿ ನೋಡಿ ಜನ ತಾವಾಗಿ ಮಾತು ನಿಲ್ಲಿಸಿದರು. ಕೈ ಅಲುಗಲಿಲ್ಲ. ಕೋವಿ ಹಾರಿತು, ಹೊಗೆ ಎದ್ದಿತು. ಕರಿ ಬಟ್ಟೆ.

ಅವನು ಆತುರಪಡದೆ ಮದ್ದು ತುಂಬಿದ, ಗುಂಡು ಇಳಿಸಿದ, ಎರಡನೆಯದನ್ನು ಹಾರಿಸಿದ. ಕರಿ ಬಟ್ಟೆ. ಮೂರನೆಯದಕ್ಕೆ ಮುಂಚೆ ಒಂದು ಸಲ ಕಣ್ಣು ಮುಚ್ಚಿ ತೆರೆದ. ಮತ್ತೆ ಕರಿ ಬಟ್ಟೆ.

ಗಡಿಗೆ ನಿಂತಲ್ಲೇ ನಿಂತಿತ್ತು.

ಪಾಳೆಯಗಾರ ತಾನೇ ಎದ್ದು ಗೋಡೆಯ ಹತ್ತಿರ ಹೋದ. ಎಲ್ಲರೂ ಹಿಂದೆ ಹೋದರು. ಗಡಿಗೆಯಿಂದ ಒಂದು ಗೇಣು ಎಡಕ್ಕೆ, ಗಡಿಗೆಯ ನಡುವಿಗೆ ಸರಿಯಾದ ಎತ್ತರದಲ್ಲಿ, ಮೂರು ತೂತುಗಳಿದ್ದವು. ಪಾಳೆಯಗಾರ ಅವುಗಳ ಮೇಲೆ ಅಂಗೈ ಇಟ್ಟ. ಮೂರೂ ಮುಚ್ಚಿಹೋದವು.

“ಹೊಡೆದರೆ ಹೀಗೆ ಹೊಡೆಯಬೇಕು,” ಎಂದ ಅವನು. “ಏನು ಪ್ರಯೋಜನ? ಗಡಿಗೆ ಇಲ್ಲಿರಲಿಲ್ಲವಲ್ಲ.”

ಜನ ನಕ್ಕರು. ಕಮ್ಮಾರ ನಗಲಿಲ್ಲ. ಆ ಮೂರು ತೂತುಗಳನ್ನು ನೋಡುತ್ತಿದ್ದಂತೆ ಅಳಿಯ ಎಂದೋ ಹೇಳಿದ್ದ ತಮಾಷೆಯ ಮಾತು ಅವನಿಗೆ ಈಗ ಕೇಳಿಸಿತು. ಹೊಂದಿಕೊಂಡು ಹೋಗುತ್ತಿದ್ದೇನೆ ಎಂದಿದ್ದನಲ್ಲ. ಬಲಕ್ಕೆ ಎಸೆಯುವ ಕೋವಿಗೆ ಒಂದು ಗೇಣು ಎಡಕ್ಕೆ ಗುರಿ ಹಿಡಿಯುವುದನ್ನು ಆ ಕೈ ಹನ್ನೆರಡನೆಯ ವಯಸ್ಸಿಗೇ ಕಲಿತಿತ್ತು. ನಡೆಯುವವನು ಹೆಜ್ಜೆಯನ್ನು ಯೋಚಿಸುತ್ತಾನೆಯೇ? ಅವನು ಅದನ್ನು ಯೋಚಿಸಿದ್ದೇ ಇಲ್ಲ. ಎಂದಿನಂತೆ ಹಿಡಿದ. ಕೋವಿ ಮಾತ್ರ ಎಂದಿನಂತಿರಲಿಲ್ಲ.

ಎರಡು ಗಡಿಗೆ ಒಡೆದವನು ಬಾಗಿಲಿಗೆ ಉಳಿದ. ಮಿಕ್ಕ ಇಪ್ಪತ್ತು ಮಂದಿ ಏಳನೆಯ ದಿನ ಹೊರಡಬೇಕು.

ಪದ್ಮರಾಜ, ಆ ಏಳು ದಿನಗಳನ್ನು ಸ್ವಲ್ಪ ಗಮನವಿಟ್ಟು ಕೇಳು, ಎಂದರು ಮೇಷ್ಟ್ರು. ಕತೆ ಇರುವುದು ಅಲ್ಲಿ.

ಅಳಿಯನಿಗೆ ಕೋವಿಯ ಮೇಲೆ ಸಂಶಯ ಬರಲಿಲ್ಲ. ಕಬ್ಬಿಣ ತಾನಾಗಿ ಬದಲಾಗುತ್ತದೆಯೇ? ಬದಲಾಗುವುದು ಮನುಷ್ಯ. ಅವನು ತನ್ನ ಕಣ್ಣು ಕೆಟ್ಟಿದೆ ಎಂದು ತೀರ್ಮಾನಿಸಿದ. ಹೆಂಡತಿ ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ದಿನವೂ ಅವನ ಕಣ್ಣಿಗೆ ಬಿಟ್ಟಳು. ಅವನು ಬಾಗಿಲಲ್ಲಿ ಕೂತು ದೂರದ ಮರದ ಎಲೆ ಎಣಿಸಿದ. ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸಿದ. ಕಣ್ಣು ಎಷ್ಟು ಕಾಣುತ್ತದೆಂದು ನೋಡಿಕೊಳ್ಳುವ ಉಪಾಯ ಅದು. ಹಂದಿಯ ಎದೆಗೆ ಗುಂಡು ಹಾಕುವವನು ಮೊರ ಹಿಡಿದು ಕೂತದ್ದನ್ನು ನೋಡಿ ಬೀದಿಯವರು ಮುಖ ತಿರುಗಿಸಿಕೊಂಡು ಹೋದರು.

ಕಮ್ಮಾರ ದಿನವೂ ಹೇಳಬೇಕೆಂದು ಹೊರಟ. ಮೊದಲ ದಿನ ಮಗಳು ಎದುರಿಗಿದ್ದಳು. ಅವಳ ಮುಂದೆ ಹೇಗೆ ಹೇಳುವುದು? ಎರಡನೆಯ ದಿನ ಅಳಿಯನ ಜೊತೆ ನೆಂಟರಿದ್ದರು. ಮೂರನೆಯ ದಿನ ಯಾರೂ ಇರಲಿಲ್ಲ. ಆವತ್ತು ಕಮ್ಮಾರ ಕೊಟ್ಟಿಗೆಯ ಗೂಟ ಸಡಿಲವಾಗಿದೆಯೆಂದು ಅದನ್ನು ಬಡಿದು ಬಂದ. ಹೇಳಿದರೆ ಏನಾಗುತ್ತದೆ? ಪಂದ್ಯ ತಿರುಗಿ ಬರುವುದಿಲ್ಲ. ಮಗಳು ಮಾತ್ರ ತನ್ನ ಮುಖ ನೋಡುವುದನ್ನು ಬಿಡುತ್ತಾಳೆ. ಹೀಗೆ ತನಗೆ ತಾನೇ ಹೇಳಿಕೊಂಡ. ಇದರಲ್ಲಿ ಅರ್ಧ ನಿಜವಿತ್ತು. ಮನುಷ್ಯನನ್ನು ಸುಮ್ಮನಿರಿಸುವುದಕ್ಕೆ ಅರ್ಧ ನಿಜ ಧಾರಾಳವಾಗಿ ಸಾಕು.

ಐದನೆಯ ದಿನ ಅಳಿಯನೇ ಕೋವಿ ಹಿಡಿದು ಕುಲುಮೆಗೆ ಬಂದ.

“ಮಾವ, ಒಂದು ಸಲ ಇದನ್ನು ನೋಡಿ. ಯಾರಿಗೂ ಕೊಡದವನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಇದಕ್ಕೇನಾದರೂ ಆಗಿದೆಯೇ? ನೀವು ಹೇಳಿದರೆ ನಂಬುತ್ತೇನೆ.”

ಕಮ್ಮಾರ ಕೋವಿ ತೆಗೆದುಕೊಂಡ. ಬೆಳಕಿಗೆ ಹಿಡಿದ. ಬಹಳ ಹೊತ್ತು ಹಾಗೇ ಹಿಡಿದಿದ್ದ. ಅಳಿಯ ಕಾಯುತ್ತ ನಿಂತಿದ್ದ.

“ಏನೂ ಆಗಿಲ್ಲ. ಇದರಲ್ಲಿ ದೋಷವಿಲ್ಲ,” ಎಂದ ಕಮ್ಮಾರ.

ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಳಿಯ ತಲೆಯಾಡಿಸಿದ. “ನನಗೂ ಗೊತ್ತಿತ್ತು. ಆದರೂ ಒಂದು ಆಸೆ,” ಎಂದು ಕೋವಿ ತಿರುಗಿ ತೆಗೆದುಕೊಂಡ.

ಹೊರಡುವ ದಿನ ಕಮ್ಮಾರ ಬುತ್ತಿಗಂಟು ಹೊತ್ತು ಊರಿನ ಗಡಿಕಲ್ಲಿನವರೆಗೆ ಅಳಿಯನ ಜೊತೆ ನಡೆದ. ಉಳಿದವರು ಮುಂದೆ ಹೋಗಿದ್ದರಿಂದ ದಾರಿಯುದ್ದಕ್ಕೂ ಇಬ್ಬರೇ. ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಷ್ಟು ಹೇಳಿದ್ದರೆ ಸಾಕಾಗಿತ್ತು: ಇನ್ನು ಮೇಲೆ ನೇರವಾಗಿ ಗುರಿ ಹಿಡಿಯಿರಿ. ಕಮ್ಮಾರ ಬಾಯಿ ತೆರೆದ. ಹೊರಬಂದದ್ದು ಬೇರೆ. “ಚಟ್ನಿಪುಡಿ ಬೇರೆ ಗಂಟಿನಲ್ಲಿದೆ, ನೋಡಿಕೊಳ್ಳಿ,” ಎಂದ.

ಅಳಿಯ ಗಡಿಕಲ್ಲಿನ ಹತ್ತಿರ ಬಾಗಿ ಅವನ ಕಾಲು ಮುಟ್ಟಿದ. “ಮಾವ, ಮಗು ಹುಟ್ಟಿದ ಮೇಲೆ ಅದರ ಕಣ್ಣನ್ನು ಯಾರಿಗಾದರೂ ತಿಳಿದವರಿಗೆ ತೋರಿಸಿ. ನನ್ನ ಕಣ್ಣು ಅದಕ್ಕೆ ಬರದಿರಲಿ.”

ಕಮ್ಮಾರ ಬುತ್ತಿಗಂಟನ್ನು ಅವನ ಹೆಗಲಿಗೇರಿಸಿ ಊರಿನ ಕಡೆ ತಿರುಗಿದ.

ನಾಲ್ಕು ತಿಂಗಳ ಮೇಲೆ ಆ ಇಪ್ಪತ್ತು ಮಂದಿಯಲ್ಲಿ ಒಬ್ಬ ತಿರುಗಿ ಬಂದ. ಅವನ ಹೆಗಲಮೇಲೆ ಎರಡು ಕೋವಿಗಳಿದ್ದವು. ಒಂದನ್ನು ಕುಲುಮೆಯ ಕಟ್ಟೆಯ ಮೇಲಿಟ್ಟ. ಮಗ್ಗುಲಲ್ಲಿ ಮಗುವನ್ನು ಎತ್ತಿಕೊಂಡು ಮಗಳು ನಿಂತಿದ್ದಳು. ಅವನು ಅವಳ ಮುಖ ನೋಡದೆ ಕಮ್ಮಾರನಿಗೆ ಹೇಳಿದ.

“ಮೊದಲ ದಿನವೇ ಆಯಿತು. ನಾವು ಒಂದು ದಿಬ್ಬದ ಮೇಲಿದ್ದೆವು. ಕುದುರೆಯವನೊಬ್ಬ ನೇರವಾಗಿ ಬಂದ. ನಿಮ್ಮ ಅಳಿಯನಿಗೆ ಬೇಕಾದಷ್ಟು ಹೊತ್ತಿತ್ತು. ಹೊಡಿ ಎಂದು ನಾನೇ ಕೂಗಿದೆ. ಕೋವಿಯನ್ನು ಎಡಕ್ಕೆ ತಂದ. ಬಲಕ್ಕೆ ತಂದ. ಮತ್ತೆ ಎಡಕ್ಕೆ. ಕಣ್ಣು ಉಜ್ಜಿಕೊಂಡ. ಮದ್ದಿಗೆ ಕಿಡಿ ಮುಟ್ಟಿಸುವ ಬತ್ತಿ ಉರಿದು ಬೆರಳಿಗೆ ಬಂದಿತ್ತು. ನನಗೆ ಕಾಣುವುದಿಲ್ಲ, ನೀನು ಹೊಡಿ ಎಂದ. ನನ್ನದು ಆಗತಾನೇ ಹಾರಿ ಖಾಲಿಯಾಗಿತ್ತು. ಕುದುರೆಯವನು ಬಂದೇಬಿಟ್ಟ.”

ಅವನು ನೀರು ಕುಡಿದು ಹೋದ.

ಕಮ್ಮಾರ ಕೋವಿಯನ್ನು ಎತ್ತಿದ. ಕಬ್ಬಿಣದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ ನೋಡಿದ. ಅದು ಪೂರ್ತಿ ಇಳಿಯಲಿಲ್ಲ. ಹಾಕಿದ ಗುಂಡು ಹಾಕಿದ ಹಾಗೇ ಒಳಗಿತ್ತು. ಅವನು ಬಿರಡೆ ಬಿಚ್ಚಿ, ಆ ಗುಂಡನ್ನು ಹೊರಗೆ ದೂಡಿ ಅಂಗೈಯಲ್ಲಿ ಹಿಡಿದ. ಮಗಳು ಅದನ್ನೇ ನೋಡುತ್ತಿದ್ದಳು.

“ಅಪ್ಪಾ,” ಎಂದಳು ಅವಳು, “ಹೋಗುವ ಹಿಂದಿನ ದಿನ ಅವರು ಕಲ್ಲು ಆರಿಸಿಕೊಟ್ಟ ಬೇಳೆಯನ್ನು ಮೂರು ತಿಂಗಳು ತಿಂದೆ. ಒಂದು ಕಲ್ಲೂ ಹಲ್ಲಿಗೆ ಸಿಗಲಿಲ್ಲ. ಕಣ್ಣು ಕೆಟ್ಟವರಿಗೆ ಹಾಗೆ ಆರಿಸಲು ಬರುತ್ತದೆಯೇ?”

ಕಮ್ಮಾರ ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಮಗು ಅಳತೊಡಗಿತು. ಅವಳು ಅದನ್ನು ಒಳಗೆ ಎತ್ತಿಕೊಂಡು ಹೋದಳು.

ಬೊಮ್ಮಯ್ಯ ಮೇಷ್ಟ್ರು ಕತೆ ನಿಲ್ಲಿಸಿದರು. ಗೋದಾಮಿನ ತಗಡಿನ ಮಾಡು ಬಿಸಿಲಿಳಿದು ಟಿಕ್ ಟಿಕ್ ಎನ್ನುತ್ತಿತ್ತು. ಪದ್ಮರಾಜ ನೆಲ ನೋಡುತ್ತ ಕೂತಿದ್ದ. ಕೋವಿಯನ್ನು ನೆಟ್ಟಗೆ ಮಾಡಿದ್ದೇ ತಪ್ಪೋ ಎಂದು ಕೇಳಬೇಕೆನಿಸಿತು. ಬೇರೆಯದನ್ನು ಕೇಳಿದ.

“ಆಮೇಲಾದರೂ ಅವನು ಮಗಳಿಗೆ ಹೇಳಿದನೇ, ಗುರುಗಳೇ?”

ಮೇಷ್ಟ್ರು ಎದ್ದರು. ಕಾಗದದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಬೀಗ ಕೈಗೆ ತೆಗೆದುಕೊಂಡರು.

“ತಿಪ್ಪೇಶ ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಕೂತು ಮೂರು ಗಂಟೆಯಾಯಿತು,” ಎಂದರು.